ಎಣ್ಣೆ ಡಬ್ಬದಲ್ಲಿ ಹತ್ತುಮೀನು

ಗಾಳ ಹಾಕುವುದು ಆರಾಮದ ಕೆಲಸ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವರು ಯಾರೂ ಹರಿಹರದ ಹೊಳೆಯಲ್ಲಿ ಮೊಣಕಾಲುಮಟ್ಟ ನೀರಿನಲ್ಲಿ ಆರು ತಾಸು ನಿಂತವರಲ್ಲ. ನಾನು ನಿಂತಿದ್ದೇನೆ, ಎಂಟು ಮಳೆಗಾಲ. ವಾರದಲ್ಲಿ ಆರು ದಿನ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ನೂಲಿನ ಮಷಿನ್ನಿನ ಮುಂದೆ ನಿಂತು, ಏಳನೆಯ ದಿನ ಬಸ್ಸು ಹತ್ತಿ ಹೋಗಿ ನೀರಿನಲ್ಲಿ ನಿಲ್ಲುತ್ತಿದ್ದೆ. "ಆರು ದಿನ ಮಿಲ್ಲಿನಾಗ ನಿಲ್ತೀರಿ, ಏಳನೇ ದಿನ ನೀರಾಗ ನಿಲ್ತೀರಿ. ನೀವು ಕೂಡೋದು ಯಾವಾಗ್ರಿ?" ಎಂದು ಹೆಂಡತಿ ಕೇಳುತ್ತಿದ್ದಳು. ಈಗ ಮೊಣಕಾಲು ಎರಡೂ ಹೋಗಿ ಬರೀ ಕೂತೇ ಇದ್ದೇನೆ. ಅವಳು ಕೇಳುವುದನ್ನು ಬಿಟ್ಟಿದ್ದಾಳೆ.

ನಮ್ಮದು ಶಿವಭಕ್ತರ ಮನೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಅಡುಗೆ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿರಲಿಲ್ಲ. ತಾತನ ಕಾಲದಲ್ಲಿ ಕಾಳಿನ ವ್ಯಾಪಾರವಿತ್ತು. ಪಾಲಾಗುತ್ತ ಪಾಲಾಗುತ್ತ ನನ್ನ ಪಾಲಿಗೆ ಬಂದದ್ದು ಮಿಲ್ಲಿನ ಕೆಲಸ ಮತ್ತು ಅದರ ಜೊತೆಗೆ ಬರುವ ಕೆಮ್ಮು. ಇಂಥ ಮನೆಯವನು ಗಾಳ ಹಿಡಿದದ್ದು ಹೇಗೆ ಎಂದು ನಮ್ಮವರು ಬಹಳ ಜನ ಕೇಳಿದ್ದಾರೆ. ಕೆಮ್ಮಿನಿಂದ, ಎಂದರೆ ಯಾರೂ ನಂಬುವುದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಗಾದಿಗಳ ಹತ್ತಿಯೆಲ್ಲ ಗಂಟುಗಟ್ಟಿ, ಮಲಗಿದರೆ ಜಲ್ಲಿಯ ಮೇಲೆ ಮಲಗಿದಂತಾಗುತ್ತಿತ್ತು. ಹತ್ತಿ ಹಿಂಜಲು ಒಬ್ಬ ಪಿಂಜಾರ ಸಾಬರು ಬಂದರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ವಿದ್ಯಾನಗರದ ಹಾಸ್ಟೆಲ್ಲುಗಳ ಗಾದಿಯೆಲ್ಲ ಅವರೇ ಹಿಂಜುತ್ತಿದ್ದರು. ನಮ್ಮ ಹಿತ್ತಲಲ್ಲಿ ಕೂತು ಹತ್ತಿ ಹಿಂಜುವ ಬಿಲ್ಲು ಮಿಡಿಯುತ್ತ ನಡುನಡುವೆ ಕೆಮ್ಮುತ್ತಿದ್ದರು. ಒಳಗೆ ಮಲಗಿದ್ದ ನಾನೂ ಕೆಮ್ಮುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರು ಬಿಲ್ಲು ನಿಲ್ಲಿಸಿ ಕೂಗಿ ಕೇಳಿದರು.

"ಯಜಮಾನ್ರೆ, ನೀವು ಹತ್ತಿ ಎಲ್ಲಿ ತಿಂತೀರಿ?"

"ಮಿಲ್ಲಿನಾಗ್ರಿ ಸಾಬ್ರ."

"ನಾನು ಮನಿಮನಿಯಾಗ ತಿಂತೀನಿ. ಭಾನುವಾರ ಹರಿಹರಕ್ಕೆ ಬರ್ರಿ. ಹೊಳಿ ಗಾಳಿ ಎದಿಗೆ ಒಳ್ಳೇದು."

ಗಾಳಿ ಕುಡಿಯಲು ಹೋದವನ ಕೈಗೆ ಅವರು ಬಿದಿರ ಕೋಲು ಕೊಟ್ಟರು. ಇನ್ನೊಂದು ಕೈಗೆ ಎರೆಹುಳ ಕೊಟ್ಟರು. ಹುಳ ಬೆರಳ ಮೇಲೆ ಹೊರಳುತ್ತಿತ್ತು. ಅದನ್ನು ಗಾಳಕ್ಕೆ ಚುಚ್ಚುವುದು ನನ್ನಿಂದ ಆಗಲಿಲ್ಲ. ತಿರುಗಿ ಅವರ ಮಣ್ಣಿನ ಕುಡಿಕೆಗೇ ಹಾಕಿದೆ. ಸಾಬರು ನನ್ನ ಹಣೆ ನೋಡಿದರು, ಹುಳ ನೋಡಿದರು.

"ಮೀನು ಹಿಡೀಬಹುದು, ಹುಳ ಚುಚ್ಚಬಾರ್ದು. ಇದು ಯಾವ ಶಾಸ್ತ್ರದಾಗ ಐತ್ರಿ ಶರಣ್ರೆ?"

ಅವತ್ತಿನಿಂದ ನಾನು ಅವರ ಬಾಯಲ್ಲಿ "ಶರಣ್ರು" ಆದೆ. ಗೇಲಿಗೆ ಇಟ್ಟ ಹೆಸರು ಆಮೇಲೆ ಹಾಗೆಯೇ ಉಳಿದುಕೊಂಡಿತು.

ನನ್ನನ್ನು ಅಲ್ಲಿಗೇ ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಅವರ ತಂದೆ ಚಿಕ್ಕವರಿದ್ದಾಗ ಹರಿಹರದ ರೈಲ್ವೆ ಸೇತುವೆಯ ಕೆಲಸಕ್ಕೆ ಬಂದಿದ್ದ ಒಬ್ಬ ಬಿಳಿ ದೊರೆಯ ಚೀಲ ಹೊತ್ತಿದ್ದರಂತೆ. ಆ ದೊರೆ ಹುಳ ಹಾಕದೆ, ಗಾಳಕ್ಕೆ ಕೋಳಿಗರಿ ಸುತ್ತಿ ನೀರಿನ ಮೇಲೆ ಬೀಸುತ್ತಿದ್ದನಂತೆ. ಮೀನು ಅದನ್ನು ಹುಳುವೋ ಮರಿಮೀನೋ ಎಂದುಕೊಂಡು ಹಿಡಿಯುತ್ತಿತ್ತಂತೆ. ತಂದೆ ಹೇಳಿದ್ದನ್ನು ನೆನಪಿಸಿಕೊಂಡು ಸಾಬರು ಮುಂದಿನ ಭಾನುವಾರದೊಳಗೆ ಒಂದು ಗರಿಗಾಳ ಕಟ್ಟಿ ತಂದರು. ಹುಂಜದ ಕುತ್ತಿಗೆಯ ಕೆಂಪು ಗರಿ, ಅದರ ಬುಡಕ್ಕೆ ನಾನೇ ಮಿಲ್ಲಿನಿಂದ ತಂದಿದ್ದ ವೇಸ್ಟ್ ನೂಲು. ಮೊದಲಿನವು ಮುಳುಗಿದವು, ಆಮೇಲೆ ಕಟ್ಟಿದ ನಾಲ್ಕನೆಯದೋ ಐದನೆಯದೋ ನೀರಿನಲ್ಲಿ ಸರಿಯಾಗಿ ಈಜಿತು. ಹಗುರವಾದ ಗರಿ ಎಸೆದರೆ ಮುಂದೆ ಹೋಗುವುದಿಲ್ಲ, ದಾರಕ್ಕೇ ತೂಕ ಬೇಕು. ಅದಕ್ಕೆ ನೂಲನ್ನು ಹೊಸೆದು ಜೇನುಮೇಣ ತಿಕ್ಕಿದ ಉದ್ದನೆಯ ಹುರಿ ಮಾಡಿದರು. ಅದರ ತುದಿಗೆ ಎರಡು ಮಾರು ನೈಲಾನ್ ದಾರ, ಅದರ ತುದಿಗೆ ಗರಿ.

ಆ ಹುರಿಯನ್ನು ಬೀಸಲು ಕಲಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಮೊದಲ ವರ್ಷ ನಾನು ಹಿಡಿದದ್ದು ಜಾಲಿ ಗಿಡ, ನನ್ನ ಟವೆಲ್ಲು, ಒಮ್ಮೆ ಸಾಬರ ಟೋಪಿ. ಭುಜ ಸೋಮವಾರದಿಂದ ಬುಧವಾರದವರೆಗೆ ನೋಯುತ್ತಿತ್ತು. ಮಿಲ್ಲಿನಲ್ಲಿ ಹರಿದ ಎಳೆ ಕೂಡಿಸಲು ಕೈ ಎತ್ತಿದರೆ ಜೀವ ಹೋದಂತಾಗುತ್ತಿತ್ತು. ಯಾಕೆ ಬಿಡಲಿಲ್ಲ ಎಂದರೆ, ಆ ಆರು ತಾಸು ನನ್ನ ಕಿವಿಯಲ್ಲಿ ಮಷಿನ್ನಿನ ಸದ್ದು ಇರುತ್ತಿರಲಿಲ್ಲ. ಅಷ್ಟೇ ಕಾರಣ.

ನಾವು ನಿಲ್ಲುತ್ತಿದ್ದ ಜಾಗ ಹಳ್ಳವೊಂದು ಬಂದು ಹೊಳೆಗೆ ಸೇರುವ ಮೂಲೆ. ಮುಂಗಾರಿನ ಮೊದಲ ಮಳೆಗೆ ಹಳ್ಳದಲ್ಲಿ ಕೆಂಪು ನೀರು ಬರುತ್ತದೆ, ಹೊಳೆಯದು ಇನ್ನೂ ತಿಳಿಯಾಗಿರುತ್ತದೆ. ಎರಡೂ ಬೆರೆಯದೆ ಸ್ವಲ್ಪ ದೂರ ಪಕ್ಕಪಕ್ಕ ಹರಿಯುತ್ತವೆ. ಹೊಸ ನೀರಿನ ವಾಸನೆ ಹಿಡಿದು, ಕೆಳಗೆ ಹೊಸಪೇಟೆಯ ಡ್ಯಾಮಿನ ಹಿನ್ನೀರಿನಿಂದ ಮೀನು ಮೊಟ್ಟೆಯಿಡಲು ಹೊಳೆ ಹತ್ತಿ ಬರುತ್ತವೆ. ಅದಕ್ಕೇ ಅವಕ್ಕೆ ಹತ್ತುಮೀನು ಎನ್ನುವುದು. ಹಳ್ಳದ ಬಾಯಲ್ಲಿ ಅವು ಒಂದು ಗಳಿಗೆ ನಿಂತು ಸುಧಾರಿಸಿಕೊಳ್ಳುತ್ತವೆ. ಅವು ದಣಿದು ನಿಂತ ಕಡೆಯೇ ನಾನೂ ದಣಿದು ನಿಲ್ಲುತ್ತಿದ್ದೆ. ಎರಡು ನೀರು ಕೂಡುವ ಗೆರೆಯ ಆಚೆಗೆ ಗರಿಯನ್ನು ಬೀಸಿ, ಅದು ತೇಲುತ್ತ ಈಚೆಗೆ ಬರುವವರೆಗೆ ಕಾಯಬೇಕು. ಮತ್ತೆ ಬೀಸಬೇಕು. ಇಡೀ ಭಾನುವಾರ ಇಷ್ಟೇ ಕೆಲಸ.

ಸಿಕ್ಕಿದ ಮೀನನ್ನು ನಾನು ಬಿಟ್ಟುಬಿಡುತ್ತಿದ್ದೆ. ತಿನ್ನುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ, ಸಾಯುವುದನ್ನು ನೋಡುವಷ್ಟು ಎದೆಯೂ ಇಲ್ಲ. "ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ" ಎಂದು ಸಾಬರು ನಗುತ್ತಿದ್ದರು. ಅವರು ಹುಳ ಹಾಕಿಯೇ ಹಿಡಿಯುತ್ತಿದ್ದರು. ಹಿಡಿದ ಮೀನಿನ ಕಿವಿರಿಗೆ ದಾರ ಪೋಣಿಸಿ ನೀರಲ್ಲೇ ಜೀವಂತ ಕಟ್ಟಿಡುತ್ತಿದ್ದರು. ಹೊರಡುವ ಮುಂಚೆ ಒಂದೊಂದನ್ನೇ ತೆಗೆದು, ಬಿಸ್ಮಿಲ್ಲಾ ಎಂದು ಚಾಕು ಹಾಕುತ್ತಿದ್ದರು. ಚಾಕು ಹೊರಬಂದ ಕೂಡಲೇ ನಾನು ಆಚೆ ಮುಖ ಮಾಡಿ ನಿಲ್ಲುತ್ತಿದ್ದೆ.

ಅದನ್ನು ನೋಡಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಹಿಂದೊಮ್ಮೆ ನಮ್ಮ ಮಿಲ್ಲಿನ ಗೇಟಿನ ಮುಂದೆ ಕೋಳಿಯೊಂದು ಲಾರಿಗೆ ಸಿಕ್ಕಿ ಸತ್ತಿತ್ತು. ಯಾರೋ ಅದನ್ನು ನಮ್ಮ ನೂಲಿನ ಖಾತೆಯಲ್ಲಿದ್ದ ಮುಸ್ಲಿಂ ಗೆಳೆಯನಿಗೆ ಕೊಡಲು ಹೋದರೆ ಆತ, "ಬ್ಯಾಡ್ರಿ, ಕೊಯ್ಯದ ಸತ್ತದ್ದು ನಮಗೆ ನಡೆಯಲ್ಲ" ಎಂದಿದ್ದ. ಆ ಕೋಳಿಯನ್ನೂ ಈ ಮೀನನ್ನೂ ನಾನು ಒಂದೇ ದಾರಕ್ಕೆ ಪೋಣಿಸಿದೆ. ಮೀನನ್ನೂ ಅವರು ಜೀವವಿದ್ದಾಗಲೇ ಕೊಯ್ಯಬೇಕು, ತಾನಾಗಿ ಸತ್ತರೆ ಹರಾಮು. ಅವರ ಧರ್ಮ ನನಗೂ ಸ್ವಲ್ಪ ಗೊತ್ತು ಎಂದು ಒಳಗೊಳಗೆ ಹೆಮ್ಮೆಯೂ ಇತ್ತು.

ಮಧ್ಯಾಹ್ನ ಒಂದೇ ಕಲ್ಲಿನ ಮೇಲೆ ಕೂತು ನನ್ನ ಬುತ್ತಿ ಬಿಚ್ಚುತ್ತಿದ್ದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದೊಂದು ಸಲ ಎಣ್ಣೆಗಾಯಿ. ಹೆಂಡತಿ ಅವರ ಲೆಕ್ಕ ಸೇರಿಸಿಯೇ ಕಟ್ಟುತ್ತಿದ್ದಳು. ಎಂಟು ವರ್ಷ ಅವರು ನನ್ನ ಮನೆಯ ರೊಟ್ಟಿ ತಿಂದರು. ಅವರ ಮನೆಯಲ್ಲಿ ನಾನು ನೀರನ್ನೂ ಕುಡಿದಿರಲಿಲ್ಲ. ಅವರು ಕರೆಯಲಿಲ್ಲ, ನಾನು ಕೇಳಲಿಲ್ಲ. ಅದು ಹಾಗೇ ಎಂದು ಇಬ್ಬರೂ ಸುಮ್ಮನಿದ್ದೆವು.

ಎಂಬತ್ತರ ದಶಕ ಶುರುವಾದ ಮೇಲೆ ಸಾಬರು ಹೊಳೆಗೆ ಬರುವುದು ಕಡಿಮೆಯಾಯಿತು. ಬಸ್ಸಿನ ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತಿತ್ತು. ಆಮೇಲೆ ಬಿಲ್ಲನ್ನು ಗೋಡೆಗೆ ನೇತುಹಾಕಿದರು. ಆಮೇಲೆ ಹಾಸಿಗೆ ಹಿಡಿದರು. ಊರಿಗೆಲ್ಲ ಮೆತ್ತನೆ ಗಾದಿ ಮಾಡಿಕೊಟ್ಟವರಿಗೆ ಮಲಗಲು ಆಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಆದರೂ ಕೈ ಸುಮ್ಮನಿರಲಿಲ್ಲ. ಬೀಡಿಯ ಡಬ್ಬಿಯ ತುಂಬ ನನಗಾಗಿ ಗರಿಗಾಳ ಕಟ್ಟಿಟ್ಟಿದ್ದರು.

ಆ ವರ್ಷ ಮುಂಗಾರು ಇನ್ನೇನು ಬರುತ್ತದೆ ಅನ್ನುವಾಗ ಒಂದು ಸಂಜೆ ನೋಡಲು ಹೋಗಿದ್ದೆ. ಅಕ್ಕಾರು, ಅಂದರೆ ಅವರ ಹೆಂಡತಿ, ಕುರ್ಚಿ ಹಾಕಿ ಒಳಗೆ ಹೋದರು. ಸಾಬರು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಹೇಳಿದರು.

"ಬಾಯಿ ಕೆಟ್ಟೈತ್ರಿ ಶರಣ್ರೆ. ಏನೂ ಸೇರವಲ್ದು. ಹೊಸ ನೀರಿನ ಮೀನಿನ ಸಾರು ಒಂದು ತುತ್ತು ಆದ್ರೆ ತಿಂದೇನು ಅನ್ನಸ್ತೈತೆ."

"ಮಾರ್ಕೆಟ್ಟಿಂದ ತರ್ಸೋಣೇನ್ರಿ?"

"ಬ್ಯಾಡ. ಗರಿಗಾಳದ್ದು ಬೇಕು. ಎಂಟು ವರ್ಷ ನಾನು ಕಟ್ಟೀನಿ, ನೀವು ಹಿಡಿದು ಬಿಟ್ಟೀರಿ. ನಾನು ಕಟ್ಟಿದ್ದಕ್ಕೆ ಬಂದಿದ್ದು ಏನ್ ರುಚಿ ಐತೆ ಅಂತ ನನಗಿನ್ನೂ ಗೊತ್ತಿಲ್ಲ. ಒಂದೇ ಒಂದು ಬಿಡಬ್ಯಾಡ್ರಿ."

ತರುತ್ತೇನೆ ಎಂದೆ. ಹಿಂದೆ ಯಾರಿಗೂ ಅಷ್ಟು ಗಟ್ಟಿಯಾಗಿ ಮಾತು ಕೊಟ್ಟ ನೆನಪಿಲ್ಲ. ಅವರಿಗೆ ಮುಂದಿನ ಮುಂಗಾರು ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಳೆ ಬಿದ್ದ ಮೊದಲ ಭಾನುವಾರ ಏನೂ ಸಿಗಲಿಲ್ಲ. ಎರಡನೆಯ ಭಾನುವಾರ ಬೆಳಗಿನಿಂದ ಬೀಸಿ ಬೀಸಿ ರಟ್ಟೆ ಬಿದ್ದುಹೋಗಿತ್ತು. ಶನಿವಾರ ಓವರ್‌ಟೈಮ್ ಬೇರೆ ಮಾಡಿದ್ದೆ. ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು. ಹನ್ನೊಂದರ ಸುಮಾರಿಗೆ ಗರಿ ಗೆರೆ ದಾಟಿ ಈಚೆಗೆ ಬರುವಾಗ ಯಾರೋ ಹುರಿ ಹಿಡಿದು ಜಗ್ಗಿದಂತಾಯಿತು. ಆಮೇಲಿನದು ನನಗೆ ಪೂರ್ತಿ ನೆನಪಿಲ್ಲ. ಹುರಿ ಬಿಡುತ್ತ, ದಂಡೆಯುದ್ದಕ್ಕೂ ಓಡುತ್ತ, ಒಂದು ಸಲ ಜಾರಿ ಬಿದ್ದು ನೀರು ಕುಡಿದೆ. ಕೊನೆಗೆ ಮರಳಿನ ಮೇಲೆ ಎಳೆದು ಟವೆಲ್ಲಿನಲ್ಲಿ ಒತ್ತಿ ಹಿಡಿದೆ. ಬಾಳೆ ಮೀನು. ಎರಡು ಉದ್ದ ಮೀಸೆ, ದೊಡ್ಡ ಬಾಯಿ, ಒಂದು ಮೊಳಕ್ಕೂ ಮೇಲಿತ್ತು. ಅಷ್ಟು ದೊಡ್ಡದು ನನ್ನ ಗರಿಗೆ ಹಿಂದೆ ಬಂದಿರಲಿಲ್ಲ, ಮುಂದೆ ಬರಲೂ ಇಲ್ಲ.

ರೂಢಿಯಿಂದ ಕೈ ಅದನ್ನು ನೀರಿನ ಕಡೆಗೇ ಒಯ್ಯುತ್ತಿತ್ತು. ನಿಲ್ಲಿಸಿಕೊಂಡೆ. ಈಗ ಇದನ್ನು ಜೀವಂತ ಒಯ್ಯಬೇಕು, ಸಾಬರ ಮನೆಯಲ್ಲಿ ಯಾರಾದರೂ ಕೊಯ್ಯಬೇಕು. ಸಾಬರಂತೆ ಕಿವಿರಿಗೆ ದಾರ ಪೋಣಿಸಿ ನೀರಲ್ಲಿ ಕಟ್ಟಿ, ಬಸ್ ಸ್ಟ್ಯಾಂಡಿನ ಪಕ್ಕದ ಚಹಾ ಹೋಟೆಲ್ಲಿಗೆ ಹೋಗಿ ತಂತಿ ಹಿಡಿಕೆಯ ಎಣ್ಣೆ ಡಬ್ಬವೊಂದನ್ನು ಬೇಡಿ ತಂದೆ. ಹೊಳೆಯ ನೀರು ತುಂಬಿ ಮೀನನ್ನು ಇಳಿಸಿದೆ. ನೆಟ್ಟಗೆ ಹಿಡಿಸಲಿಲ್ಲ, ಮೈ ಬಗ್ಗಿಸಿಕೊಂಡು ನಿಂತಿತು.

ಬಸ್ಸಿನಲ್ಲಿ ಕಂಡಕ್ಟರ್ ಡಬ್ಬ ನೋಡಿ, "ಏನ್ರಿ ಅದು?" ಎಂದ.

"ನೀರು."

"ನೀರು ಹೊತ್ಕಂಡು ದಾವಣಗೇರಿಗೆ ಯಾಕ ಹೊಂಟೀರಿ? ಅಲ್ಲಿ ನಳ ಇಲ್ಲೇನ್ರಿ?"

ಜನ ನಕ್ಕರು. ಅಷ್ಟರಲ್ಲಿ ಮೀನು ಬಾಲ ಬಡಿದು ಒಬ್ಬರ ಪಂಚೆ ತೊಯ್ಯಿಸಿತು. ಹಣೆಯಲ್ಲಿ ವಿಭೂತಿ, ಕಾಲ ನಡುವೆ ಮೀನು. ಗುರುತಿನವರು ಯಾರೂ ಹತ್ತದಿರಲಿ ಎಂದು ಬೇಡಿಕೊಳ್ಳುತ್ತ ಕೂತೆ.

ಅರ್ಧ ದಾರಿಯಲ್ಲಿ, ನಾಲೆಯೊಂದರ ಹತ್ತಿರ, ಬಸ್ಸಿನ ಟಯರು ಹೋಯಿತು. ಎಲ್ಲರನ್ನೂ ಇಳಿಸಿದರು. ಜಾಕು ಸರಿಯಿರಲಿಲ್ಲ, ಇನ್ನೊಂದು ಬಸ್ಸಿನಿಂದ ತರುವವರೆಗೆ ಕಾಯಬೇಕಾಯಿತು. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಸಾಬರು ಗೋಡೆಗೆ ಒರಗಿ ಉಸಿರಿಗಾಗಿ ಹಾಗೆಯೇ ಒದ್ದಾಡುತ್ತಿದ್ದರು, ಅದು ನೆನಪಾಗಿ ನನಗೆ ನೋಡಲಾಗಲಿಲ್ಲ. ನಾಲೆಗೆ ಇಳಿದು ನೀರು ಬದಲಾಯಿಸಿದೆ. ಮತ್ತೆ ಬದಲಾಯಿಸಿದೆ. ಮೂರನೆಯ ಸಲ ಬದಲಾಯಿಸುವಷ್ಟರಲ್ಲಿ ಅದು ಅಡ್ಡಲಾಗಿ ಬಿದ್ದಿತ್ತು.

ಪಕ್ಕದಲ್ಲಿ ಟೋಪಿ ಹಾಕಿಕೊಂಡ ಒಬ್ಬ ವ್ಯಾಪಾರಿ ನಿಂತಿದ್ದರು. "ಹೋತಲ್ರಿ. ಲಗೂನ ಮನಿಗೆ ಒಯ್ರಿ, ಬಿಸಲಿಗೆ ಕೆಡ್ತೈತೆ" ಎಂದರು. ನನ್ನ ಹಣೆ ನೋಡಿ ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರನ್ನೇ ಒಂದು ಮಾತು ಕೇಳಬಹುದಿತ್ತು. ನಾಚಿಕೆ ಬಿಡಲಿಲ್ಲ.

ಸತ್ತ ಮೀನನ್ನು ಒಯ್ದು, ಈಗ ತಾನೇ ಕೊಯ್ದದ್ದು ಎಂದು ಸುಳ್ಳು ಹೇಳಬಹುದು ಎಂಬ ಯೋಚನೆಯೂ ಬಂತು. ಸಾಯುವ ಮನುಷ್ಯನ ಬಾಯಿಗೆ ಹರಾಮಿನ ತುತ್ತು ಹಾಕಿದ ಪಾಪ ಯಾರಿಗೆ ಬೇಕು? ಅವರ ಧರ್ಮ ಕಾಪಾಡುವುದು ನನ್ನ ಕೆಲಸ ಎಂದು ನಿರ್ಧರಿಸಿದೆ. ಮೀನನ್ನು ಎರಡೂ ಕೈಯಲ್ಲಿ ಎತ್ತಿ, ಶಿವ ಶಿವ ಎಂದು ನಾಲೆಗೆ ಬಿಟ್ಟೆ. ಅದು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿ ಹೋಯಿತು. ದುಃಖವಾಗಿತ್ತು, ಆದರೆ ನಾನು ಸರಿಯಾದದ್ದನ್ನೇ ಮಾಡಿದೆ ಎಂಬ ಸಮಾಧಾನವೂ ಇತ್ತು.

ಖಾಲಿ ಡಬ್ಬ ಹಿಡಿದು ಸಾಬರ ಮನೆಗೆ ಹೋದಾಗ ಮೂರು ಗಂಟೆ. ಒಳಗೆ ಮಸಾಲೆ ಅರೆದ ವಾಸನೆ ಬರುತ್ತಿತ್ತು. ಪ್ರತಿ ಭಾನುವಾರ ಅಕ್ಕಾರು ಅರೆದು ಇಟ್ಟಿರುತ್ತಿದ್ದರು ಎಂದು ಆಮೇಲೆ ತಿಳಿಯಿತು. ನಾನು ಎಲ್ಲವನ್ನೂ ಹೇಳಿದೆ. ಮೀನಿನ ಉದ್ದವನ್ನು ಕೈಯಲ್ಲಿ ತೋರಿಸಿದೆ. ನಾಲೆಗೆ ಬಿಟ್ಟದ್ದನ್ನು ಸ್ವಲ್ಪ ಹೆಚ್ಚು ಭಕ್ತಿಯಿಂದಲೇ ಹೇಳಿದೆ. ಸಾಬರು ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡು ಒಳಗೆ ಇಣುಕಿದರು.

"ಮೀನಿಗೆ ಕೊಯ್ಯೋದು ಬೇಕಿಲ್ರಿ ಶರಣ್ರೆ. ನೀರಿಂದ ಹಿಡಿದು ತೆಗದ್ರೆ ಮುಗೀತು, ಅದು ಹಲಾಲೇ. ಡಬ್ಬದಾಗ ಸತ್ರೇನು, ದಂಡೀಮ್ಯಾಗ ಸತ್ರೇನು."

"ನೀವು ಹೊಳಿಮ್ಯಾಗ ಜೀವ ಇದ್ದಾಗ್ಲೇ ಕೊಯ್ತಿದ್ರಲ್ರಿ?"

"ನಮ್ಮ ಗಲ್ಲಿಯಾಗ ನಾಯಿ ಕಾಟ. ಅಲ್ಲೇ ಸ್ವಚ್ಛ ಮಾಡ್ಕಂಡು ಬರ್ತಿದ್ದೆ."

"ಬಿಸ್ಮಿಲ್ಲಾ ಅಂತಿದ್ರಿ."

"ನಿಮ್ಮ ರೊಟ್ಟಿ ಮುರಿಯೋವಾಗೂ ಅಂತಿದ್ದೆ."

ಇಷ್ಟು ಹೇಳಿ ಅವರಿಗೆ ನಗು ಬಂತು. ನಗು ಕೆಮ್ಮಾಯಿತು. ಅಕ್ಕಾರು ಬಂದು ಬೆನ್ನು ನೀವಿದರು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದರು, "ಎಂಟು ವರ್ಷ ಒಂದೇ ಕಲ್ಲಿನ ಮ್ಯಾಲೆ ಕುಂತಿವಿ. ಒಂದು ಮಾತು ಕೇಳಿದ್ರೆ ಆಗ್ತಿತ್ತು." ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಕೈ ನನ್ನದು, ಬಾಯಿ ಅವರದು. ಅದರ ನಂತರ ಮೂರು ಭಾನುವಾರ ಹೋದೆ. ಒಂದು ದಿನ ಸಿಕ್ ಲೀವ್ ಬರೆದುಕೊಟ್ಟೂ ಹೋದೆ. ಹೊಳೆ ತುಂಬಿ ಎರಡೂ ನೀರು ಒಂದೇ ಬಣ್ಣವಾಗಿತ್ತು. ನಿಲ್ಲಲು ಜಾಗವಿರಲಿಲ್ಲ, ಗರಿ ಎಲ್ಲಿ ಬಿತ್ತೆಂಬುದೂ ಕಾಣುತ್ತಿರಲಿಲ್ಲ. ಪ್ರತಿ ಸಲ ಬರಿಗೈಯಲ್ಲಿ ಅವರ ಬಾಗಿಲಿಗೆ ಹೋಗಿ ತಲೆ ಆಡಿಸುತ್ತಿದ್ದೆ. "ಇರ್ಲಿ ಬಿಡ್ರಿ, ಕೂಡ್ರಿ" ಎನ್ನುತ್ತಿದ್ದರು. ನಾಲ್ಕನೆಯ ಭಾನುವಾರದ ಹೊತ್ತಿಗೆ ಅವರು ಇರಲಿಲ್ಲ.

ನಲವತ್ತನೆಯ ದಿನದ ಊಟಕ್ಕೆ ಹೇಳಿ ಕಳಿಸಿದ್ದರು. ಹೋಗಿ ಮುಖ ತೋರಿಸಿ ಬರೋಣ ಎಂದುಕೊಂಡು ಹೋದೆ. ಗಂಡಸರೆಲ್ಲ ಹೊರಗೆ ಚಪ್ಪರದಡಿ ಉಣ್ಣುತ್ತಿದ್ದರು. ಸಾಬರ ಮಗಳು ನನ್ನನ್ನು ಒಳಗೆ ಕರೆದು, ಗೋಡೆಗೆ ನೇತುಹಾಕಿದ್ದ ಬಿಲ್ಲಿನ ಕೆಳಗೆ, ಅವರು ಒರಗಿ ಕೂರುತ್ತಿದ್ದ ಜಾಗದಲ್ಲಿ ಮಣೆ ಹಾಕಿದಳು. ಎಲೆ ಹಾಕಿ ಬಡಿಸಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ, ಬೇಳೆ ಸಾರು. ನಾನು ಎಲೆ ನೋಡುತ್ತ ಕೂತುಬಿಟ್ಟೆ. ಗಂಡ ತೀರಿಕೊಂಡು ನಾಲ್ಕು ತಿಂಗಳು ದಾಟುವವರೆಗೆ ಅಕ್ಕಾರು ಹೊರಗಿನ ಗಂಡಸರ ಎದುರಿಗೆ ಬರುವಂತಿರಲಿಲ್ಲ. ಒಳಬಾಗಿಲ ಹಿಂದಿನಿಂದ ಮಾತಾಡಿದರು.

"ಉಣ್ರಿ ಅಣ್ಣಾರ. ಹೊಸ ಪಾತ್ರಿಯಾಗ ಬ್ಯಾರೆ ಮಾಡೀನಿ. ಮಗಳ್ನ ನಿಮ್ಮನಿಗೆ ಕಳ್ಸಿ ನಿಮ್ಮ ಮನಿಯವರನ್ನ ಕೇಳಿಸ್ಕಂಡೀನಿ, ನೀವು ಏನ್ ಉಣ್ತೀರಿ, ಏನ್ ಉಣ್ಣಂಗಿಲ್ಲ ಅಂತ."

ರೊಟ್ಟಿ ಮುರಿದು ಉಂಡೆ. ಎರಡನೆಯ ಸಲವೂ ಬಡಿಸಿಕೊಂಡೆ, ಅವರ ಮನೆಯ ನೀರು ಕುಡಿದೆ.